ಅಪ್ಪನ ಸಹಿ

ನಮ್ಮಪ್ಪನಿಗೆ ಸಹಿ ಮಾಡುವುದೆಂದರೆ ಒಂದು ದೊಡ್ಡ ಕೆಲಸ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪೆನ್ನಿನ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿ, ಕಾಗದವನ್ನು ಅಂಗೈಯಿಂದ ಎರಡು ಸಲ ಸವರಿ, ಆಮೇಲೆ ಬರೆಯುತ್ತಿದ್ದ. ತನ್ನ ಹೆಸರು, ತನ್ನಪ್ಪನ ಹೆಸರು, ಮನೆತನದ ಹೆಸರು, ಮೂರನ್ನೂ ಬಿಡಿಬಿಡಿಯಾಗಿ, ಒಂದಕ್ಷರವನ್ನೂ ನುಂಗದೆ. ರೇಶನ್ ಅಂಗಡಿಯವನು "ಹೆಬ್ಬಟ್ಟ ಒತ್ತಿ ನಡಿಯೋ, ಹಿಂದ ಪಾಳಿ ನಿಂತೈತಿ" ಎಂದು ಗದರಿದರೂ ಅಪ್ಪ ಅವಸರ ಮಾಡಿದವನಲ್ಲ. ನಾನು ಪಕ್ಕದಲ್ಲಿ ಸಕ್ಕರೆಯ ಚೀಲ ಹಿಡಿದು ನಿಂತು ನಾಚಿಕೆಯಿಂದ ಸಾಯುತ್ತಿದ್ದೆ.

ನಮ್ಮೂರು ನವಲಗುಂದ ತಾಲೂಕಿನಲ್ಲಿ, ತಿರ್ಲಾಪುರ ದಾಟಿ ಮೂರು ಮೈಲಿ ಒಳಗೆ. ಅಪ್ಪ ಹರೆಯದಲ್ಲಿ ಸೊಲ್ಲಾಪುರದ ಬಟ್ಟೆ ಗಿರಣಿಗೆ ದುಡಿಯಲು ಹೋಗಿ ಎಂಟು ವರ್ಷ ಅಲ್ಲಿದ್ದ. ಕೂಲಿಕಾರರ ಚಾಳಿನಲ್ಲಿ ನಡೆಯುತ್ತಿದ್ದ ಶಾಲೆಯಲ್ಲಿ ಮೊದಲು ಮರಾಠಿ ಅಕ್ಷರ ಕಲಿತ. ಊರಿಗೆ ಮರಳಿದ ಮೇಲೆ ಕನ್ನಡ. ಬರುವಾಗ ಅವನ ಟ್ರಂಕಿನಲ್ಲಿ ಎರಡು ಅಂಗಿ ಮತ್ತು ಚೌಕಟ್ಟು ಹಾಕಿಸಿದ ಬುದ್ಧನ ಪಟ ಇದ್ದವು. ಅಲ್ಲಿಯೇ ದೀಕ್ಷೆ ತೆಗೆದುಕೊಂಡು ಬೌದ್ಧನಾಗಿ ಬಂದಿದ್ದ. ಊರ ಕೆರೆಯ ಮೆಟ್ಟಿಲಿಳಿಯಲು ಆಗ ನಮ್ಮ ಕೇರಿಯವರನ್ನು ಬಿಡುತ್ತಿರಲಿಲ್ಲ. ಮೇಲಿನವರು ಯಾರಾದರೂ ದಯೆ ತೋರಿ ನಮ್ಮ ಕೊಡಕ್ಕೆ ನೀರು ಎತ್ತಿ ಸುರಿಯಬೇಕಿತ್ತು. ಅಪ್ಪನ ಮಾತು ಕೇಳಿ ಕೇರಿಯ ಏಳೆಂಟು ಮನೆಯವರೂ ಬೌದ್ಧರಾದರು.

ಅವ್ವನೂ ಆದಳು, ತನ್ನದೇ ರೀತಿಯಲ್ಲಿ. ಗೋಡೆಯ ಮೇಲಿನ ಬುದ್ಧನಿಗೆ ಊದಿನಕಡ್ಡಿ ಹಚ್ಚಿ, ಅದೇ ಕೈಯಿಂದ ಕೆಳಗೆ ಗೋಡೆಯಲ್ಲೇ ಕೊರೆದ ಮಾಡದಲ್ಲಿದ್ದ ದುರ್ಗವ್ವನ ಮೂರ್ತಿಯ ಮುಂದೆ ದೀಪ ಇಡುತ್ತಿದ್ದಳು. ಅಪ್ಪ ಕಂಡೂ ಕಾಣದ ಹಾಗೆ ಇರುತ್ತಿದ್ದ. ಆ ಒಂದು ಗೋಡೆಯ ಮೇಲೆ ಅವರಿಬ್ಬರ ನಡುವೆ ಯಾವ ಜಗಳವೂ ಇರಲಿಲ್ಲ. ಜಗಳ ಬಂದದ್ದು ಕಾಗದದ ಮೇಲೆ.

ನನ್ನನ್ನು ಊರ ಶಾಲೆಯ ಒಂದನೆಯ ಇಯತ್ತೆಗೆ ಹಾಕುವಾಗ ಹೆಡ್‌ಮಾಸ್ತರರು ದಾಖಲಾತಿಯ ರಜಿಸ್ಟರ್ ಬಿಚ್ಚಿ ಧರ್ಮ ಯಾವುದೆಂದು ಕೇಳಿದರು. ಕೇರಿಯ ಉಳಿದವರು ಮನೆಯಲ್ಲಿ ಬುದ್ಧನನ್ನು ಇಟ್ಟುಕೊಂಡರೂ ಶಾಲೆಯಲ್ಲಿ ಹಿಂದೂ ಎಂದೇ ಬರೆಸುತ್ತಿದ್ದರು. ಸರ್ಕಾರದ ಸವಲತ್ತು ಸಿಗುವುದು ಹಾಗೆ ಬರೆಸಿದರೆ ಮಾತ್ರ ಎಂದು ಅವರಿಗೆ ಗೊತ್ತಿತ್ತು. ಹೆಡ್‌ಮಾಸ್ತರರು ಒಳ್ಳೆಯವರು, ಮುಂಚೆಯೇ ಹೇಳಿದರು.

"ಎಲ್ಲಾರಂಗ ಬರಸೋ. ನಾಳೆ ಹುಡುಗಿಗಿ ಅನುಕೂಲ ಆಗತೈತಿ."

"ಮನ್ಯಾಗ ಒಂದು, ಕಾಗದದಾಗ ಒಂದು ನನಗ ಬರೂದಿಲ್ರಿ. ಬೌದ್ಧ ಅಂತ ಬರೀರಿ" ಎಂದ ಅಪ್ಪ.

ಮಾಸ್ತರರು ಬರೆದರು. ಜಾತಿಯ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ ಎಳೆದರು. ಕೆಳಗೆ ಅಪ್ಪ ತನ್ನ ಮೂರು ಹೆಸರಿನ ಸಹಿ ಮಾಡಿದ. ಆ ಪುಟದಲ್ಲಿ ಉಳಿದ ತಂದೆಯರದೆಲ್ಲ ಹೆಬ್ಬಟ್ಟು. ನೀಲಿ ಬೆರಳುಗಳ ನಡುವೆ ಅಪ್ಪನದೊಂದೇ ಅಕ್ಷರ. ಅದನ್ನು ನೋಡಿದ ಮೇಲೆ ಅವನ ಹೆಮ್ಮೆಗೆ ಮಿತಿಯೇ ಇರಲಿಲ್ಲ ಎಂದು ಅವ್ವ ಎಷ್ಟೋ ವರ್ಷ ಆಡಿಕೊಂಡು ನಗುತ್ತಿದ್ದಳು. ನಗುತ್ತಿದ್ದ ಕಾಲ ಅದು.

ಎಂಬತ್ತರ ದಶಕದ ನಡುವಿನಲ್ಲಿ ನಾನು ನವಲಗುಂದದಲ್ಲಿ ಪಿಯುಸಿ ಮುಗಿಸಿದೆ. ಫಸ್ಟ್ ಕ್ಲಾಸು. ನಮ್ಮ ಕೇರಿಯಲ್ಲಿ ಅಷ್ಟು ಓದಿದ ಹೆಣ್ಣು ನಾನೇ ಮೊದಲು. ಡಿಗ್ರಿ ಮಾಡಬೇಕು, ಬಿ.ಎಡ್. ಮಾಡಬೇಕು, ಹೈಸ್ಕೂಲಿನಲ್ಲಿ ಟೀಚರ್ ಆಗಬೇಕು. ನನ್ನ ತಲೆಯಲ್ಲಿ ಅದು ಬಿಟ್ಟು ಬೇರೆ ಇರಲಿಲ್ಲ. ಧಾರವಾಡದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಆದರೆ ಆಫೀಸಿನ ಕಿಟಕಿಯಲ್ಲಿ ಕೂತಿದ್ದ ಕಾರಕೂನರು ನನ್ನ ಸ್ಕಾಲರ್‌ಶಿಪ್ಪಿನ ಅರ್ಜಿಯನ್ನು ಅರ್ಧ ಓದಿ ತಿರುಗಿ ಕೊಟ್ಟರು.

"ಇದು ನಿನಗ ಬರೂದಿಲ್ಲವಾ. ಹಿಂದೂ ಅಂತ ಇದ್ದಿದ್ರ ಬರತಿತ್ತು. ದಾಖಲೇದಾಗ ಬೌದ್ಧ ಐತಿ."

"ಬಾಜೂ ಮನಿ ಹುಡುಗಗ ಬಂದೈತಲ್ರೀ. ನಾವಿಬ್ಬರೂ ಒಂದ ಕೇರಿಯವ್ರರೀ" ಎಂದೆ.

"ಅವನ ಕಾಗದ ಬ್ಯಾರೆ, ನಿನ್ನ ಕಾಗದ ಬ್ಯಾರೆ."

ಅವರು ಕೆಟ್ಟವರೇನಲ್ಲ. ನನ್ನ ಮುಖ ನೋಡಿ ಇನ್ನೊಂದು ಅರ್ಜಿ ತೆಗೆದು ಕೊಟ್ಟರು. ಅದು ಸಾಲದ ಸ್ಕಾಲರ್‌ಶಿಪ್. ಅಂಕ ಚೆನ್ನಾಗಿದ್ದು ಮನೆಯ ಉತ್ಪನ್ನ, ಅಂದರೆ ವರಮಾನ, ಕಡಿಮೆ ಇದ್ದರೆ ಸಾಕು, ಯಾವ ಜಾತಿ ಧರ್ಮದವರಿಗೂ ಸಿಗುತ್ತಿತ್ತು. ಓದು ಮುಗಿಸಿ ನೌಕರಿ ಹಿಡಿದ ಮೇಲೆ ಕಂತಿನಲ್ಲಿ ತೀರಿಸಬೇಕು. ಆದರೆ ಶಾಲೆಯ ಮಾಸ್ತರಿಕೆ ಮಾಡಿದರೆ ದುಡಿದ ಪ್ರತಿ ವರ್ಷಕ್ಕೆ ಇಷ್ಟಿಷ್ಟು ಎಂದು ಸಾಲ ವಜಾ ಆಗುತ್ತಾ ಹೋಗುತ್ತದೆ. ಈ ಕೊನೆಯ ಮಾತು ಕೇಳಿ ಅಪ್ಪ ಕುಣಿಯುವುದೊಂದು ಬಾಕಿ.

"ಕಲಿಸಿದ್ರ ಸಾಲ ಹರೀತೈತಿ! ಸರ್ಕಾರದವ್ರು ಶಾಣ್ಯಾ ಅದಾರ ನೋಡು" ಎಂದು ಕೇರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದ.

ಆ ಬೇಸಿಗೆ ಕಾಗದಗಳ ಬೆನ್ನು ಹತ್ತಿಯೇ ಮುಗಿಯಿತು. ಉತ್ಪನ್ನದ ದಾಖಲೆಗೆ ಊರ ಲೆಕ್ಕ ಬರೆಯುವ ತಲಾಟಿ, ತಲಾಟಿಯ ಸಹಿಯಾದರೆ ನವಲಗುಂದದ ಮಾಮಲೇದಾರ ಕಚೇರಿ, ಅಲ್ಲಿ ಸಾಹೇಬರು ಇದ್ದರೆ ಒತ್ತುವ ಶಿಕ್ಕಾ ಇಲ್ಲ, ಶಿಕ್ಕಾ ಇದ್ದರೆ ಸಾಹೇಬರಿಲ್ಲ. ಇಬ್ಬರು ಜಾಮೀನುದಾರರು ಬೇಕು. ಒಬ್ಬ ತಂದೆ, ಇನ್ನೊಬ್ಬರು ಹೊಲ ಇಲ್ಲವೇ ಸರ್ಕಾರಿ ನೌಕರಿ ಇರುವವರು. ಹೊಲ ಇದ್ದವರು ನಮಗೆ ಯಾಕೆ ಜಾಮೀನು ನಿಂತಾರು? ಅಪ್ಪ ಕೊನೆಗೆ ಹೆಡ್‌ಮಾಸ್ತರರ ಮನೆಯ ಕಟ್ಟೆಯ ಮುಂದೆ ಹೋಗಿ ನಿಂತ. ಅವರು ಬಾಂಡಿನ ಕಾಗದವನ್ನು ಪೂರ್ತಿ ಓದಿ ಸಹಿ ಹಾಕಿದರು. "ರಜಿಸ್ಟರಿನ್ಯಾಗ ಆ ಅಕ್ಷರಾ ಬರದಾಂವ ನಾನ. ಅದರ ಭಾರಾನೂ ನಾನ ತುಸು ಹೊರತೀನಿ" ಎಂದರು. ಅಪ್ಪ ಅವರ ಸಹಿಯ ಕೆಳಗೆ ತನ್ನದನ್ನು ಮಾಡಿದ. ಧರ್ಮ ಬೌದ್ಧ ಎಂಬುದೂ ಸೇರಿ ಮೇಲೆ ಬರೆದದ್ದೆಲ್ಲ ಸತ್ಯ, ಸುಳ್ಳೆಂದು ಕಂಡುಬಂದರೆ ಹಣ ಮರಳಿಸುತ್ತೇನೆ ಎಂಬ ಸಾಲಿನ ಕೆಳಗೆ. ಅವತ್ತು ಅವನಿಗೆ ಒಂದು ಸಹಿಗೆ ಕಾಲು ತಾಸು ಹಿಡಿಯಿತು.

ಮಂಜೂರಾತಿಯೂ ಬಂತು, ಮೊದಲ ಕಂತೂ ಬಂತು. ಧಾರವಾಡದಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಒಂದು ಕೋಣೆ ಹಿಡಿದೆ. ಹೆಣ್ಣುಮಕ್ಕಳ ಹಾಸ್ಟೆಲ್ಲಿಗೂ ಬೌದ್ಧ ಎಂಬ ಆ ಒಂದು ಶಬ್ದವೇ ಅಡ್ಡ ಬಂದಿತ್ತು. ಪರವಾ ಇಲ್ಲ ಎಂದುಕೊಂಡೆ. ಒಲೆಯ ಮೇಲೆ ಅನ್ನ ಬೇಯುವಾಗ ಪಾಠ ಓದುತ್ತಿದ್ದೆ, ಮುಂದೆ ನಾನೇ ಹೇಳಿಕೊಡಲಿರುವ ಪಾಠವೆಂಬಂತೆ ಗಟ್ಟಿಯಾಗಿ. ಜೊತೆಯವರು ಬೈಯುತ್ತಿದ್ದರು. ಆ ಐದು ತಿಂಗಳು ನಾನು ಸುಖವಾಗಿದ್ದೆ. ಇದನ್ನು ಬರೆದಿಡಲೇಬೇಕು, ಯಾಕೆಂದರೆ ಆಮೇಲೆ ಹಾಗೆ ಇದ್ದದ್ದು ನನಗೆ ನೆನಪಿಲ್ಲ.

ಇತ್ತ ಊರಿನಲ್ಲಿ ಅವ್ವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅವಳಿಗೆ ಸಾಲ ಎಂದರೆ ಗಂಡಸಿನ ತಲೆಯ ಮೇಲೆ ಇರುವಂಥದ್ದು. ಮದುವೆಯಾಗದ ಹೆಣ್ಣುಮಗಳ ಹೆಸರಿನಲ್ಲಿ ಸಾಲ ಎಂಬುದನ್ನು ನಮ್ಮ ಕೇರಿ ಕಂಡಿರಲಿಲ್ಲ. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದೇ ಅದು: ಈ ಸಾಲ ತೀರಿಸುವವರು ಯಾರು, ತೌರಿನವರೋ ನಾವೋ? ಹತ್ತಿ ಬಿಡಿಸಲು ಹೋದಾಗ ಜೊತೆಯ ಹೆಂಗಸರು ಅದೇ ಮಾತು ತೆಗೆಯುತ್ತಿದ್ದರಂತೆ. ಮಾಸ್ತರಿಕೆ ಮಾಡಿದರೆ ವಜಾ ಆಗುತ್ತದೆ ಎಂದು ಅಪ್ಪ ನೂರು ಸಲ ಹೇಳಿದ್ದ. "ಮಾಸ್ತರ್ತಿ ಆಗೂದು ಯಾವಾಗ, ವಜಾ ಆಗೂದು ಯಾವಾಗ? ಅಷ್ಟರಾಗ ಹುಡುಗಿ ಮುದುಕಿ ಆಗತಾಳ" ಎಂದು ಅವಳು ತನ್ನೊಳಗೇ ಬೇಯುತ್ತಿದ್ದಳು.

ಬಾಜೂ ಮನೆಯ ಚಿಗವ್ವ ದಾರಿ ಹೇಳಿಕೊಟ್ಟಳು. ಅವಳ ಮಗ ಹಿಂದೂ ಎಂದು ಬರೆಸಿ ಪುಕ್ಕಟೆ ಸ್ಕಾಲರ್‌ಶಿಪ್ ತೆಗೆದುಕೊಳ್ಳುತ್ತಿದ್ದ. ನವಲಗುಂದದಲ್ಲಿ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವವನೊಬ್ಬ ಕೂಡುತ್ತಾನೆ, ನಾವು ಹಿಂದೂ, ಇಂಥ ಜಾತಿಯವರು ಎಂದು ಪ್ರಮಾಣಪತ್ರ ಬರೆದು ಕೊಡುತ್ತಾನೆ, ಹೆಬ್ಬಟ್ಟು ಒತ್ತಿದರೆ ಒಳಗಿಂದ ಜಾತಿಯ ದಾಖಲೆ ಬರುತ್ತದೆ. ಅವ್ವ ಅಪ್ಪನಿಗೆ ಹೇಳಲಿಲ್ಲ. ತವರಿಗೆ ಹೋಗಿ ಬರುತ್ತೇನೆ ಎಂದು ಹೇಳಿ ಮೂರು ಸಲ ನವಲಗುಂದಕ್ಕೆ ಅಲೆದಳು. ದಾಖಲೆ ಕೈಗೆ ಬಂದ ಮರುದಿನ ಒಬ್ಬಳೇ ಬಸ್ಸು ಹತ್ತಿ, ಹುಬ್ಬಳ್ಳಿಯಲ್ಲಿ ಕೇಳಿ ಕೇಳಿ ಇನ್ನೊಂದು ಬಸ್ಸು ಹಿಡಿದು, ಧಾರವಾಡಕ್ಕೆ ಬಂದಳು. ಅಲ್ಲಿಯವರೆಗೆ ಅವಳು ಒಬ್ಬಳೇ ಹುಬ್ಬಳ್ಳಿಯನ್ನೂ ಕಂಡವಳಲ್ಲ.

ನನ್ನ ಹತ್ತಿರ ಬರುವ ಮೊದಲೇ ಕಾಲೇಜಿನ ಆಫೀಸಿಗೆ ಹೋಗಿ ಕಿಟಕಿಯಲ್ಲಿ ಆ ಕಾಗದ ಕೊಟ್ಟಿದ್ದಳು. "ನನ್ನ ಮಗಳಿಂದ್ರಿ ಇದು, ಸಾಲದ ಕಾಗದ ತಗದು ಇದನ್ನ ಹಾಕ್ರಿ" ಎಂದಳಂತೆ. ಅವತ್ತು ಕಿಟಕಿಯಲ್ಲಿ ಇದ್ದವನು ಬೇರೆ ಯಾರೋ. ಅವನು ನನ್ನ ಫೈಲಿಗೆ ಅದನ್ನು ಟಾಚಣಿ ಚುಚ್ಚಿ ಸೇರಿಸಿದ. ಫೈಲು ವರ್ಷದ ತಪಾಸಣೆಗೆಂದು ಮೇಲಿನ ಕಚೇರಿಗೆ ಹೋಗುವುದರಲ್ಲಿತ್ತು.

ಸಂಜೆ ನಾನು ಕೋಣೆಗೆ ಬಂದಾಗ ಅವ್ವ ಬಾಗಿಲ ಮುಂದೆ ರೊಟ್ಟಿಯ ಗಂಟು ಇಟ್ಟುಕೊಂಡು ಕೂತಿದ್ದಳು. ಮುಖದಲ್ಲಿ ಒಂದು ಬೆಳಕಿತ್ತು.

"ನಿನ್ನ ಸಾಲ ಹರದ ಬಂದೀನಿ ನೋಡವಾ" ಎಂದಳು.

ಏನು, ಎತ್ತ ಎಂದು ನಾನು ಕೇಳಬೇಕಿತ್ತು. ಶೇಂಗಾ ಚಟ್ನಿಯ ಪುಡಿಕೆ ಬಿಚ್ಚುವ ಅವಸರದಲ್ಲಿ, ದೇವರಿಗೆ ಏನೋ ಬೇಡಿಕೊಂಡು ಬಂದಿರಬೇಕು ಎಂದುಕೊಂಡು ನಕ್ಕುಬಿಟ್ಟೆ. ಅವತ್ತೇ ಕೇಳಿದ್ದರೆ ಮರುದಿನ ಬೆಳಿಗ್ಗೆ ಓಡಿಹೋಗಿ ಆ ಟಾಚಣಿ ಕಿತ್ತು ಕಾಗದ ವಾಪಸು ತರಬಹುದಿತ್ತು. ಅವ್ವನನ್ನು ಬೈಯುವ ಮುಂಚೆ ನಾನು ಬೈಯಬೇಕಾದದ್ದು ನನ್ನನ್ನೇ.

ಒಂದೂವರೆ ತಿಂಗಳಿಗೆ ಪತ್ರ ಬಂತು. ಒಂದೇ ವಿದ್ಯಾರ್ಥಿನಿಯ ಫೈಲಿನಲ್ಲಿ ಎರಡು ಧರ್ಮ ಕಂಡುಬಂದಿವೆ. ಆದ್ದರಿಂದ ಸಾಲದ ಮಂಜೂರಾತಿಯನ್ನು ರದ್ದು ಮಾಡಲಾಗಿದೆ. ಕೊಟ್ಟ ಕಂತನ್ನು ಮರಳಿ ತುಂಬತಕ್ಕದ್ದು. ಸುಳ್ಳು ಮಾಹಿತಿ ಕೊಟ್ಟವರು ಯಾರು ಎಂಬುದಕ್ಕೆ ತಂದೆತಾಯಿಗಳು ಖುದ್ದು ಹಾಜರಾಗಿ ಹೇಳಿಕೆ ಕೊಡತಕ್ಕದ್ದು. ಇದರ ಒಂದು ಪ್ರತಿ ಹೆಡ್‌ಮಾಸ್ತರರಿಗೂ ಹೋಗಿತ್ತು.

ನಾನು ಪತ್ರ ಹಿಡಿದುಕೊಂಡು ಊರಿಗೆ ಬಂದೆ. ಅಪ್ಪ ಅದನ್ನು ತಾನೇ ಓದುತ್ತೇನೆಂದ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಕೊನೆಯವರೆಗೂ ಓದಿ, ತಲೆಯೆತ್ತಿ ಅವ್ವನನ್ನು ನೋಡಿದ. ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಅಪ್ಪ ಪತ್ರ ಮಡಿಚತೊಡಗಿದ. ಬಾಯಿ ಬಿಟ್ಟವಳು ನಾನು.

"ನೀ ನನ್ನ ಅವ್ವ ಅಲ್ಲ, ನನ್ನ ಶನಿ" ಎಂದೆ. "ಅಕ್ಷರ ಬರದಾಕಿ ಕಾಗದಕ್ಕ ಯಾಕ ಕೈ ಹಾಕಿದಿ?"

ನನಗೆ ಸಿಟ್ಟು ಬಂದರೆ ನಾಲಿಗೆ ಹಿಡಿತದಲ್ಲಿ ಇರುವುದಿಲ್ಲ; ಇಂದಿಗೂ ಅಷ್ಟೇ. ಅವ್ವ ತನ್ನ ಬಲಗೈಯ ಹೆಬ್ಬೆರಳನ್ನು ಎಡಗೈಯಲ್ಲಿ ಮುಚ್ಚಿಕೊಂಡು ಕೂತಳು. ಅವಳು ಅತ್ತಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಧಾರವಾಡದ ಕಚೇರಿಗೆ ಮೂವರೂ ಹೋದೆವು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಅಧಿಕಾರಿಗಳು ಎರಡೂ ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದರ ಕೆಳಗೆ ಅಪ್ಪನ ಮೂರು ಹೆಸರಿನ ಸಹಿ. ಇನ್ನೊಂದರ ಕೆಳಗೆ ಅವ್ವನ ನೀಲಿ ಹೆಬ್ಬಟ್ಟು.

"ಎರಡೂ ಖರೇ ಆಗಾಕ ಬರೂದಿಲ್ಲ. ಯಾವುದು ಸುಳ್ಳು ಹೇಳ್ರಿ" ಎಂದರು.

"ನಂದ ಸುಳ್ಳರೀ ಸಾಹೇಬ್ರ" ಎಂದಳು ಅವ್ವ ತಕ್ಷಣ. "ನಮ್ಮ ಮನಿಯವ್ರು ಬುದ್ಧನವ್ರರೀ. ನಾ ತಿಳೀಲಾರದ ಒತ್ತೀನ್ರಿ."

ಅಪ್ಪ ಅವಳನ್ನು ತಡೆದ. "ನೀ ಸುಮ್ಮನಿರು." ಆಮೇಲೆ ಅಧಿಕಾರಿಗಳ ಕಡೆ ತಿರುಗಿ, "ಆಕೀದು ಸುಳ್ಳ ಅಂತಾದ್ರ ಏನಾಗತೈತ್ರಿ?" ಎಂದು ಕೇಳಿದ.

"ಮಾಮಲೇದಾರ ಕಚೇರಿಯೊಳಗ ಸುಳ್ಳ ಪ್ರಮಾಣ ಮಾಡಿದಂಗಾತು. ಕೇಸ್ ಆಗತೈತಿ. ಸಾಲದ ವಿಚಾರ ಆಮ್ಯಾಲೆ ನೋಡಬಹುದು, ತಿರುಗಿ ಸಿಕ್ಕರೂ ಸಿಗಬಹುದು."

"ನಂದ ಸುಳ್ಳ ಅಂತಾದ್ರ?"

"ಸಾಲ ರದ್ದು. ರೊಕ್ಕ ತುಂಬಿ ಕೊಡ್ರಿ, ಅಲ್ಲಿಗೆ ಮುಗೀತು."

ಅಪ್ಪ ಎರಡೂ ಕಾಗದ ನೋಡಿದ. ನಾನು ಅವನ ಹಿಂದೆಯೇ ನಿಂತಿದ್ದೆ. ಅವನದು ಸುಳ್ಳಲ್ಲ ಎಂದು ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಅವ್ವನನ್ನು ಉಳಿಸಬೇಕೆಂದು ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಖರೆ ಅಷ್ಟೇ ಅಲ್ಲ. ಅಪ್ಪನದು ಸುಳ್ಳಾದರೆ ನಾವು ಹಿಂದೂಗಳು, ಹಿಂದೂಗಳಾದರೆ ನನಗೆ ಪುಕ್ಕಟೆ ಸ್ಕಾಲರ್‌ಶಿಪ್ ಬರುತ್ತದೆ ಎಂಬ ಯೋಚನೆ ನನ್ನ ತಲೆಯಲ್ಲಿ ಹಾದುಹೋಯಿತು. ಅದಕ್ಕೇ ನನ್ನ ಬಾಯಿ ಕಟ್ಟಿತು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

"ಒಂದು ಕಾಗದ ಕೊಡ್ರಿ" ಎಂದ ಅಪ್ಪ.

ಕುರ್ಚಿಯ ಮೇಲೆ ಕೂಡಿರಿ ಎಂದರೂ ಕೂಡಲಿಲ್ಲ. ಮೇಜಿನ ಮೇಲೆ ಬಗ್ಗಿ ನಿಂತೇ ಬರೆದ. ನಾನು ಬೌದ್ಧನೆಂದು ಬರೆಸಿದ್ದು ಸುಳ್ಳು, ನನ್ನ ಹೆಂಡತಿ ಹೇಳಿದ್ದು ಖರೆ. ಅಷ್ಟೇ. ಕೆಳಗೆ ಮೂರು ಹೆಸರಿನ ಸಹಿ ಮಾಡಿದ. ಬೆಳಕಿಗೆ ಪೆನ್ನು ಹಿಡಿಯಲಿಲ್ಲ, ಕಾಗದ ಸವರಲಿಲ್ಲ. ನಾನು ಕಂಡಂತೆ ಅವನು ಅವಸರದಲ್ಲಿ ಮಾಡಿದ ಸಹಿ ಅದೊಂದೇ.

ಹೊರಗೆ ಬಂದ ಮೇಲೆ ಅವ್ವ ಅವನ ಅಂಗಿಯ ತೋಳು ಹಿಡಿದು, "ಯಾಕ ಹಂಗ ಬರದ್ರಿ? ನಂದ ಸುಳ್ಳಿತ್ತಲ್ಲ?" ಎಂದಳು.

"ನಿಂದೆಲ್ಲಿ ಸುಳ್ಳು" ಎಂದ ಅಪ್ಪ. "ದಿನಾ ದುರ್ಗವ್ವಗ ದೀಪಾ ಹಚ್ಚೂದು ನಾ ನೋಡಿಲ್ಲೇನು? ನಡಿ, ಬಸ್ಸ ಹೋಗತೈತಿ."

ಆ ವರ್ಷದ ಪುಕ್ಕಟೆ ಸ್ಕಾಲರ್‌ಶಿಪ್ಪಿಗೆ ಮುದ್ದತು ಮುಗಿದಿತ್ತು. ಬರುವ ವರ್ಷಕ್ಕೆ ಬೇಕೆಂದರೆ ಊರ ಶಾಲೆಯ ರಜಿಸ್ಟರಿನಲ್ಲಿ ಆ ಶಬ್ದವನ್ನು ತಿದ್ದಿಸಿಕೊಂಡು ಬರಬೇಕು ಎಂದು ಕಚೇರಿಯವರು ಹೇಳಿದ್ದರು. ಅಪ್ಪ ಅದಕ್ಕೂ ಸಿದ್ಧನಾದ. ಮರುದಿನವೇ ನನ್ನನ್ನು ಕರೆದುಕೊಂಡು ಶಾಲೆಗೆ ಹೋದ. ಮಾಸ್ತರರು ಅಲಮಾರಿಯಿಂದ ಹಳೆಯ ರಜಿಸ್ಟರ್ ತೆಗೆದರು. ಅದೇ ಪುಟ. ನೀಲಿ ಬೆರಳುಗಳು, ನಡುವೆ ಅಪ್ಪನ ಅಕ್ಷರ.

"ಅದನ್ನ ಹೊಡದ ಹಾಕ್ರಿ ಮಾಸ್ತರ್ರ" ಎಂದ ಅಪ್ಪ.

"ಹಂಗ ಹೊಡ್ಯಾಕ ಬರೂದಿಲ್ಲೋ. ನೀ ಅರ್ಜಿ ಕೊಡಬೇಕು, ಅದು ಮ್ಯಾಲೆ ಹೋಗಿ ಬರಬೇಕು." ಮಾಸ್ತರರು ತಾವೇ ಅರ್ಜಿ ಬರೆದು ಪೆನ್ನು ಮುಂದೆ ಚಾಚಿದರು. "ಇಲ್ಲೆ ಸಹಿ ಮಾಡು."

ಅಪ್ಪ ಪೆನ್ನು ತೆಗೆದುಕೊಳ್ಳಲಿಲ್ಲ. "ಶಾಯೀ ಡಬ್ಬಿ ಕೊಡ್ರಿ" ಎಂದ.

"ನೀ ಸಹಿ ಮಾಡಾಂವಲ್ಲೋ?"

"ನನ್ನ ಸಹಿ ಸುಳ್ಳ ಐತಿ ಅಂತ ನಾನ ಬರದ ಕೊಟ್ಟ ಬಂದೀನ್ರಿ. ಇನ್ನ ಅದನ್ನ ಯಾವ ಕಾಗದದ ಮ್ಯಾಲೆ ಹಾಕ್ಲಿ?"

ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು. ಆಮೇಲೆ ಶಾಯಿಯ ಡಬ್ಬಿ ತಂದಿಟ್ಟರು. ಅಪ್ಪ ಹೆಬ್ಬೆರಳು ಅದ್ದಿ ಕಾಗದದ ಮೇಲೆ ಒತ್ತಿದ. ಒತ್ತಿ ಗೊತ್ತಿಲ್ಲದ ಕೈ. ಬೆರಳು ಜಾರಿ ಗುರುತು ಬಳಿದುಕೊಂಡಿತು. ನಾನು ಆ ಕಾಗದವನ್ನು ಕಸಿದುಕೊಂಡು ಹರಿದುಹಾಕಿದೆ. ಅಪ್ಪನ ಮೇಲಿನ ಪ್ರೀತಿಯಿಂದ ಹರಿದೆ ಎಂದು ಬರೆದರೆ ಓದುವವರಿಗೆ ಹಿತವಾದೀತು. ಪ್ರೀತಿ ಇತ್ತು, ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಇತ್ತು: ಅವನ ಮೇಲೆ, ಅವ್ವನ ಮೇಲೆ, ಬಾಯಿ ಮುಚ್ಚಿಕೊಂಡು ನಿಂತ ನನ್ನ ಮೇಲೆ. ರಜಿಸ್ಟರಿನಲ್ಲಿ ಬೌದ್ಧ ಎಂದೇ ಉಳಿಯಿತು. ನನ್ನ ಕಾಲೇಜು ಅಲ್ಲಿಗೆ ಮುಗಿಯಿತು.

ಕಂತಿನ ರೊಕ್ಕ ಮರಳಿಸಲು ಅಪ್ಪ ಎರಡು ಸುಗ್ಗಿ ಅಣ್ಣಿಗೇರಿಯಲ್ಲಿ ಅರಳೆ ಹಿಂಜುವ ಮಿಲ್ಲಿಗೆ ಹೋದ. ಮಾಸ್ತರರು ಅರ್ಧ ತುಂಬುತ್ತೇನೆಂದರೂ ಒಪ್ಪಲಿಲ್ಲ. ಧೂಳು ಅವನ ಎದೆಗೆ ಇಳಿದು ಕೆಮ್ಮು ಶುರುವಾಯಿತು. ಅದು ಆಮೇಲೆ ಎಂದೂ ಬಿಡಲಿಲ್ಲ. ನಾನು ಅವ್ವನೊಂದಿಗೆ ಹತ್ತಿ ಬಿಡಿಸಲು ಹೋಗತೊಡಗಿದೆ. ಒಂದೇ ಸಾಲಿನಲ್ಲಿ ನಡೆಯುತ್ತಾ ಇಡೀ ದಿನ ಅವಳೊಂದಿಗೆ ಮಾತಾಡುತ್ತಿರಲಿಲ್ಲ. ಹೀಗೆ ಒಂದು ಸುಗ್ಗಿ ಪೂರ್ತಿ. ಅವಳು ಮಧ್ಯಾಹ್ನ ನನ್ನ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ, ತಾನು ಬರೀ ಖಾರ ಹಚ್ಚಿಕೊಂಡು ತಿನ್ನುತ್ತಿದ್ದಳು. ನಾನು ಬೆಣ್ಣೆ ತಿನ್ನುತ್ತಿದ್ದೆ, ಮಾತು ಮಾತ್ರ ಆಡುತ್ತಿರಲಿಲ್ಲ. ಎಂಥ ಕಲ್ಲು ಮನಸ್ಸು ನನ್ನದು.

ಒಂದು ದಿನ ಮಾಡ ಖಾಲಿ ಇತ್ತು. ಅವ್ವ ದುರ್ಗವ್ವನನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಬಾಜೂ ಮನೆಯ ಚಿಗವ್ವನ ಹತ್ತಿರ ಕೊಟ್ಟು ಬಂದಿದ್ದಳು. ಅಪ್ಪ ಮಿಲ್ಲಿನಿಂದ ಬಂದವನು ಖಾಲಿ ಮಾಡ ನೋಡಿದ, ಕೈಕಾಲು ತೊಳೆಯದೆ ಹಾಗೆಯೇ ಹೊರಗೆ ಹೋದ, ದುರ್ಗವ್ವನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ತಾನೇ ಮಾಡದಲ್ಲಿ ಇಟ್ಟ. ದೀಕ್ಷೆ ತೆಗೆದುಕೊಂಡ ಮೇಲೆ ಅವನು ಆ ದೇವಿಯನ್ನು ಮುಟ್ಟಿದ್ದು ಅದೇ ಮೊದಲು.

"ಇದು ಖರೇ ಅಂತ ಬರದ ಕೊಟ್ಟೀನಿ. ಇರಲಿ" ಎಂದ.

ಅವತ್ತು ಅವ್ವ ಅತ್ತಳು. ನಾನು ಎದ್ದು ಹೋಗಿ ಅವಳ ಬಾಜು ಕೂತೆ. ಅಲ್ಲಿಗೆ ನಮ್ಮ ಮಾತು ಶುರುವಾಯಿತು. ಆದರೆ ಶನಿ ಎಂದದ್ದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳು ಬದುಕಿರುವವರೆಗೂ ಆ ಮಾತು ಎತ್ತಲು ನನಗೆ ಧೈರ್ಯ ಬರಲಿಲ್ಲ.

ಬುದ್ಧನ ಪಟವನ್ನು ಅಪ್ಪ ಗೋಡೆಯಿಂದ ಇಳಿಸಲಿಲ್ಲ. ಬೆಳಿಗ್ಗೆ ಎದ್ದು ಮೊದಲಿನಂತೆ ಕೈ ಮುಗಿಯುತ್ತಿದ್ದ. ಬದಲಾದದ್ದು ಒಂದೇ. ರೇಶನ್ ಅಂಗಡಿಯಲ್ಲಿ ಪಾಳಿ ಬಂದಾಗ ಹೆಬ್ಬೆರಳು ಚಾಚತೊಡಗಿದ. ಅಂಗಡಿಯವನು ಮೊದಲ ಸಲ ನಕ್ಕ, "ಯಾಕೋ, ಪೆನ್ನ ಸವೀತೇನು?" ಎಂದ. ಆಮೇಲೆ ಅವನಿಗೂ ರೂಢಿಯಾಯಿತು. ಮಿಲ್ಲಿನ ಪಗಾರದ ಪುಸ್ತಕಕ್ಕೆ ಹೆಬ್ಬಟ್ಟು. ಪಂಚಾಯಿತಿಯ ಕಾಗದಕ್ಕೆ ಹೆಬ್ಬಟ್ಟು. ದಿನಾ ಪೇಪರ್ ಓದುತ್ತಿದ್ದ, ಕೇರಿಯವರಿಗೆ ಬಂದ ಪತ್ರಗಳನ್ನು ಓದಿ ಹೇಳುತ್ತಿದ್ದ. ಬರೆಯುವುದು ಮಾತ್ರ ಬಿಟ್ಟ. ನನ್ನ ಮದುವೆಯ ಕರಾರಿನ ಕಾಗದಕ್ಕೂ ಅವನು ಹೆಬ್ಬಟ್ಟನ್ನೇ ಒತ್ತಿದಾಗ, ಬೀಗರು ಹುಡುಗಿಯ ತಂದೆ ಓದು ಬರಹ ಬಾರದವನು ಎಂದು ತಿಳಿದುಕೊಂಡರು. ಅಪ್ಪ ತಿದ್ದಲಿಲ್ಲ.

ನಾನು ಮದುವೆಯಾಗಿ ಅಣ್ಣಿಗೇರಿಗೆ ಬಂದೆ. ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು. ಚಿಕ್ಕ ಮಕ್ಕಳಿಗೆ ಹಾಡು ಹೇಳಿಕೊಟ್ಟು ಉಪ್ಪಿಟ್ಟು ಹಂಚುವುದು. ಮಕ್ಕಳು ಟೀಚರ್ ಎಂದೇ ಕರೆಯುತ್ತಿದ್ದರು. ಆ ಕರೆ ಕೇಳಿದಾಗಲೆಲ್ಲ ಒಳಗೆ ಎಲ್ಲೋ ಚುಚ್ಚುತ್ತಿತ್ತು. ಕೆಲವು ವರ್ಷ ಕಳೆದ ಮೇಲೆ ನಿಯಮ ಬದಲಾಯಿತು. ನಮ್ಮಂತೆ ಬೌದ್ಧರಾದವರಿಗೂ ಆ ಸವಲತ್ತುಗಳು ಸಿಗುತ್ತವೆ ಎಂದು ಪೇಪರಿನಲ್ಲಿ ಬಂತು. ಆ ತುಣುಕು ಕತ್ತರಿಸಿಕೊಂಡು ಹೋಗಿ ಅಪ್ಪನಿಗೆ ಕೊಟ್ಟೆ. ಅವನು ಬೆರಳಿಟ್ಟು ಓದಿ, "ಛಲೋ ಆತು. ಮುಂದಿನ ಹುಡುಗೂರಿಗೆ ಆತು" ಎಂದು ಮಡಿಚಿ ಕೊಟ್ಟ. ಅದನ್ನು ಕೇಳಲು ಅವ್ವ ಇರಲಿಲ್ಲ. ಆ ಹೊತ್ತಿಗೆ ಅವಳು ತೀರಿಕೊಂಡು ಎರಡು ವರ್ಷವಾಗಿತ್ತು.

ನನ್ನ ಮಗಳನ್ನು ಒಂದನೆಯ ಇಯತ್ತೆಗೆ ಹಾಕುವ ದಿನ ಅಪ್ಪನನ್ನು ಹಟ ಹಿಡಿದು ಕರೆಸಿಕೊಂಡೆ. ಬಿಳಿ ಅಂಗಿ ಹಾಕಿಕೊಂಡು ಕೆಮ್ಮುತ್ತಾ ಬಂದ. ಧರ್ಮ ಯಾವುದೆಂದು ಶಾಲೆಯ ಟೀಚರ್ ಬಾಯಿಯವರು ಕೇಳಿದರು. "ಬೌದ್ಧ ಅಂತ ಬರೀರಿ" ಎಂದೆ. ಹೇಳುವಾಗ ನನ್ನ ಧ್ವನಿ ಅಪ್ಪನ ಹಾಗೆಯೇ ಕೇಳಿಸಿತು. ಅವರು ಬರೆದು, ಸಾಕ್ಷಿಗೆ ಹಿರಿಯರೊಬ್ಬರ ಸಹಿ ಆಗಲಿ ಎಂದು ರಜಿಸ್ಟರನ್ನು ನಮ್ಮ ಕಡೆ ತಿರುಗಿಸಿದರು. ನಾನು ಹೊಸ ಪೆನ್ನು ಕೊಂಡು ತಂದಿದ್ದೆ. ಅಪ್ಪನ ಕೈಗೆ ಕೊಟ್ಟೆ.

"ಅಪ್ಪಾ, ಈಗ ಅದು ಸುಳ್ಳಲ್ಲ. ಸರ್ಕಾರನ ಒಪ್ಪಿಕೊಂಡೈತಿ. ನಿನ್ನ ಸಹಿ ಮಾಡು" ಎಂದೆ.

ಅಪ್ಪ ಪೆನ್ನಿನ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿದ. ಅಂಗೈಯಿಂದ ಪುಟವನ್ನು ಒಂದು ಸಲ ಸವರಿದ, ಇನ್ನೊಂದು ಸಲ ಸವರಿದ. ಮೊನೆ ಕಾಗದಕ್ಕೆ ತಾಗಿತು, ಅಲ್ಲಿಯೇ ನಿಂತಿತು. ಒಂದು ಚುಕ್ಕೆ ಮೂಡಿತು. ಅವನು ಬಹಳ ಹೊತ್ತು ಆ ಚುಕ್ಕೆಯನ್ನೇ ನೋಡಿದ. ಆಮೇಲೆ ಪೆನ್ನಿಗೆ ಟೊಪ್ಪಿಗೆ ಹಾಕಿ ನನ್ನ ಕೈಗೆ ಕೊಟ್ಟು, ಹೆಬ್ಬೆರಳು ಮುಂದೆ ಮಾಡಿದ.

"ಕೈಗೆ ಮರತ ಹೋಗೇತವಾ" ಎಂದ.

ನಾನು ಮೇಜಿನ ಮೇಲಿದ್ದ ಶಾಯಿಯ ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದೆ ಇಟ್ಟೆ.